ಗೌರಕ್ಕ ಕೇಳಿದ ಬಚ್ಚಲು

ಗೌರಕ್ಕ ಸಭೆಯಲ್ಲಿ ಕೂತರೆಂದರೆ ಒಪ್ಪಿಗೆ ಎಂದು ಅರ್ಥ. ತಕರಾರಿದ್ದರೆ ಕೊನೆಯವರೆಗೂ ನಿಂತೇ ಇರುತ್ತಿದ್ದರು. ಐದಡಿಯೂ ಇಲ್ಲದ ಹೆಂಗಸು. ತಾನು ನಿಂತದ್ದು ಹಿಂದಿನವರಿಗೆ ತಿಳಿಯಲಿಕ್ಕಿಲ್ಲವೆಂದು ಬಲಗೈಯನ್ನು ಸೊಂಟಕ್ಕೆ ಕೊಟ್ಟುಕೊಳ್ಳುತ್ತಿದ್ದರು. ಆ ಕೈ ಸೊಂಟಕ್ಕೆ ಹೋದೊಡನೆ ನಾನು ಇನ್ನೊಂದು ಹಾಳೆ ತೆಗೆದಿಟ್ಟುಕೊಳ್ಳುತ್ತಿದ್ದೆ. ನಡಾವಳಿ ಬರೆಯುವ ಗುಮಾಸ್ತ ನಾನು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ನೌಕರಿ ಮಾಡಿದ್ದೇನೆ. ಇದು ಯಾವ ಊರಿನ ಕತೆಯೆಂದು ಹೇಳುವುದಿಲ್ಲ. ಪಿಂಚಣಿ ಇನ್ನೂ ದೂರವಿದೆ, ಹೆದರಿಕೆ ಹತ್ತಿರವಿದೆ. ತೊಂಬತ್ತರ ದಶಕದ ಕೊನೆಯ ಮಾತು. ಮಹಿಳಾ ಮೀಸಲಿನಲ್ಲಿ ಊರಿನ ಆಡಳಿತ ಮಂಡಳಿಗೆ ಗೆದ್ದುಬಂದ ಗೌರಕ್ಕ, ಪೇಟೆಯ ಹಿಂದಿನ ತಗಡಿನ ಬಿಡಾರಗಳ ಸಾಲಿನವರು. ಹೋಟೆಲುಗಳಿಗೆ ದೋಸೆ ಹಿಟ್ಟು ರುಬ್ಬಿಕೊಡುತ್ತಿದ್ದರು. ಆ ಸಾಲಿನವರಿಗೆ ಗುಡ್ಡದ ಬದಿಯಲ್ಲಿ ಕಡಿಮೆ ಖರ್ಚಿನ ಮನೆಗಳನ್ನು ಹಟ ಹಿಡಿದು ಮಂಜೂರು ಮಾಡಿಸಿದವರು ಅವರೇ. ಅವರದು ಒಂದೇ ಷರತ್ತು: "ಮನೆ ಅಂದ್ರೆ ಬಚ್ಚಲ ಇರ್ಬೇಕು." ನಾನು ಹಾಗೆಯೇ ಬರೆದುಕೊಂಡೆ. ಗೌರಕ್ಕ ಕೂತರು.

ಇಂಜಿನಿಯರು ಬಿಜಾಪುರದ ಕಡೆಯವರು. ಗೋಡೆಗಳೆದ್ದ ಮೇಲೆ ಹೋಗಿ ನೋಡಿದರೆ, ಪ್ರತಿ ಅಡುಗೆಮನೆಯ ಮೂಲೆಯಲ್ಲೂ ಒಂದು ಹಾಸುಗಲ್ಲು, ಮೊಣಕಾಲೆತ್ತರದ ಕಟ್ಟೆ, ನೀರು ಹೋಗಲು ತೂತು. ಅವರ ಊರಿನಲ್ಲಿ ಬಚ್ಚಲೆಂದರೆ ಅದೇ. ನಮ್ಮಲ್ಲಿ ಬಚ್ಚಲೆಂದರೆ ಒಂದು ಕೋಣೆ. ಅದರಲ್ಲಿ ಒಲೆ, ಹಂಡೆ, ಕುದಿಯುವ ನೀರು. ಮಳೆಗಾಲದಲ್ಲಿ ಬಟ್ಟೆ ಒಣಗುವುದೂ ಬಾಣಂತಿ ಬೆಚ್ಚಗಾಗುವುದೂ ಅಲ್ಲೇ.

"ಏನ್ರೀ ಬಾಯಾರ, ಬಚ್ಚಲ ಬೇಕಂದ್ರಿ, ಕೊಟ್ಟೀನಲ್ರೀ!" ಎಂದರು ಇಂಜಿನಿಯರು.

"ಇದ್ರಲ್ಲಿ ಬಾಳೇಕಾಯಿ ತೊಳೀಬಹುದು ಸಾಹೇಬ್ರೆ. ಮನುಷ್ಯರು ಮೀಯೂದು ಎಲ್ಲಿ?"

ಬಿಡಾರದ ಹೆಂಗಸರು ಬೀಗದಕೈ ಮುಟ್ಟುವುದಿಲ್ಲವೆಂದರು. ದೀಪಾವಳಿಯೊಳಗೆ ಜನ ಹೊಕ್ಕದಿದ್ದರೆ ಮುಂದಿನ ಹಂತದ ಮನೆಗಳು ಬೇರೆ ಊರಿಗೆ ಹೋಗುತ್ತವೆಂದು ಮೇಲಿನಿಂದ ತಾಕೀತು ಬಂತು. ನಾನು ಮನಸ್ಸಿನಲ್ಲೇ ಹಲವು ಬಗೆಯ ವಿವರಣೆ ಸಿದ್ಧಮಾಡಿಕೊಂಡೆ. ಒಂದರಲ್ಲೂ ತಪ್ಪು ನನ್ನದಿರಲಿಲ್ಲ.

ನನಗೆ ಇನ್ನೊಂದು ಚಿಂತೆಯೂ ಇತ್ತು. ಸದಸ್ಯರಾಗಿರುವವರು ತಮಗೇ ಮನೆ ಪಡೆಯುವಂತಿರಲಿಲ್ಲ. ಉಳಿದವರೆಲ್ಲ ಗುಡ್ಡಕ್ಕೆ ಹೋದರೆ ಬಿಡಾರದ ಸಾಲು ನೆಲಸಮ. ಗೌರಕ್ಕನಿಗೆ ಸೂರೇ ಇರುವುದಿಲ್ಲ.

"ಈಗಲೇ ರಾಜೀನಾಮೆ ಕೊಟ್ಟು ಅರ್ಜಿ ಹಾಕಿ ಗೌರಕ್ಕ," ಎಂದೆ.

"ಕೊಟ್ರೆ, ಬಚ್ಚಲ ಕೇಳೂಕೆ ನೀವು ನಿಲ್ತೀರಾ ಹೆಗಡೇರೆ?"

ನಾನು ಕಡತದ ದಾರ ಬಿಗಿಯತೊಡಗಿದೆ. ಅದು ಆಗಲೇ ಬಿಗಿಯಾಗಿಯೇ ಇತ್ತು.

ಆಷಾಢದ ಒಂದು ಮಧ್ಯಾಹ್ನ ಇಂಜಿನಿಯರು ಅದೇ ಗುಡ್ಡದಲ್ಲಿ ಜಾರಿ ಬಿದ್ದು ತಲೆಯಿಂದ ಕಾಲಿನವರೆಗೆ ಕೆಸರಾದರು. ಗೌರಕ್ಕ ಅವರನ್ನು ತಮ್ಮ ಬಿಡಾರಕ್ಕೆ ಕರೆತಂದು, ಹಿಂದಿನ ಬಚ್ಚಲಿಗೆ ಅಟ್ಟಿದರು. "ಮೊದ್ಲು ಮೀಯಿರಿ. ಮಾತು ಆಮೇಲೆ." ಎಷ್ಟು ಹೊತ್ತಾದರೂ ಮನುಷ್ಯ ಹೊರಬರಲಿಲ್ಲ. ಹೊಗೆಗೆ ಉಸಿರುಗಟ್ಟಿ ಬಿದ್ದಿರಬಹುದೆಂದು ನಾನು ಎರಡು ಸಲ ಬಾಗಿಲು ತಟ್ಟಿದೆ. ಕೊನೆಗೆ ಕೆಂಪಗೆ ಬೆಂದ ಮುಖ ಹೊತ್ತು ಬಂದರು.

"ಹೊರಗ ಬರಾಕ ಮನಸಾಗವಲ್ದ್ರೀ ಬಾಯಾರ."

"ಇದಕ್ಕೆ ನಾವು ಬಚ್ಚಲ ಅಂತೇವೆ," ಎಂದು ಗೌರಕ್ಕ ಚಾ ಕೊಟ್ಟರು.

ಇಂಜಿನಿಯರು ಚಾ ಕುಡಿಯುತ್ತಲೇ ನಕ್ಷೆ ತಿದ್ದಿದರು: ಹಿಂಬದಿಯ ಗೋಡೆಗೆ ತಾಗಿಸಿ ಚಿರೆಕಲ್ಲಿನ ಒಂದು ಪುಟ್ಟ ಕೋಣೆ. ಆದರೆ ಅದಕ್ಕೆ ಕಲ್ಲು ಬೇಕಲ್ಲ? ಕಾಲನಿಯ ಬಾಗಿಲಿಗೆ ಅಧ್ಯಕ್ಷರ ಹೆಸರು ಹೊತ್ತ ದೊಡ್ಡ ಕಲ್ಲಿನ ಕಮಾನೊಂದು ಮಂಜೂರಾಗಿತ್ತು. ಅದನ್ನು ಕೈಬಿಟ್ಟರೆ ಸಾಕು ಎಂದರು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಮೇಜು ಕುಟ್ಟಿದರು. "ನನ್ನ ಹೆಸರು ಎಲ್ಲಿ ಹೋಗ್ಬೇಕು ಹಂಗಾದ್ರೆ?"

ಗೌರಕ್ಕನ ಕೈ ಸೊಂಟದ ಮೇಲಿತ್ತು. "ಬಚ್ಚಲ ಗೋಡೆ ಮೇಲೆ ಬರ್ಸ್ತೇವೆ ಅಧ್ಯಕ್ಷರೆ. ಕಮಾನು ಯಾರು ನೋಡ್ತಾರೆ? ಬಚ್ಚಲಲ್ಲಾದ್ರೆ ದಿನಾ ಬೆಳಿಗ್ಗೆ ಮನೆಮಂದಿಯೆಲ್ಲ ನಿಮ್ಮ ಎದುರಿಗೇ ಮೀಯ್ತಾರೆ."

ಸಭೆ ಬಿದ್ದು ಬಿದ್ದು ನಕ್ಕಿತು. ಆ ಗೌರವದಿಂದ ಪಾರಾಗಲೆಂದೇ ಅಧ್ಯಕ್ಷರು ಸಹಿ ಹಾಕಿದರೆಂದು ನನ್ನ ನಂಬಿಕೆ. ಬಿಡಾರದ ಗಂಡಸರೂ ಹೆಂಗಸರೂ ಕಲ್ಲು ಹೊತ್ತರು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಗುಡ್ಡದ ಮನೆಗಳ ಹಿಂದೆಲ್ಲ ಹೊಗೆ ಎದ್ದಿತು. ಎರಡನೇ ಹಂತದ ಮನೆಗಳೂ ನಮ್ಮ ಊರಿಗೇ ಬಂದವು.

ಅವಧಿ ಮುಗಿಯಿತು. ಮೀಸಲು ಬದಲಾಗಿ ಗೌರಕ್ಕ ಮತ್ತೆ ನಿಲ್ಲುವಂತಿರಲಿಲ್ಲ. ಬಿಡಾರದ ಸಾಲನ್ನೂ ಕೆಡವಿದರು. ಅರಬೈಲಿನಲ್ಲಿರುವ ತಂಗಿಯ ಮನೆಗೆ ಹೊರಟವರನ್ನು ಬಸ್ ನಿಲ್ದಾಣದಲ್ಲಿ ಕಂಡೆ. ಅಲ್ಲಿ ಹೇಗಿರುತ್ತೀರಿ, ಏನು ಮಾಡುತ್ತೀರಿ, ತಂಗಿಯ ಗಂಡ ಹೇಗೆ ಎಂದೆಲ್ಲ ಕೇಳತೊಡಗಿದೆ.

"ಅದೆಲ್ಲ ಬಿಡಿ. ಹೆಂಗಸರು ಬುಡದ ಬಾವಿಯಿಂದ ಕೊಡ ಹೊತ್ತು ಗುಡ್ಡ ಹತ್ತೂದು ಕಾಣ್ತದಲ್ಲ? ಸೋಮವಾರದ ಸಭೆಗೆ ನಲ್ಲಿ ವಿಷಯ ಇಡಿ."

"ಸದಸ್ಯರು ಕೇಳ್ಬೇಕು ಗೌರಕ್ಕ. ಗುಮಾಸ್ತ ಇಡೂಕೆ ಬರೂದಿಲ್ಲ."

"ಇಟ್ಟು ನೋಡಿ. ನಿಮ್ಮನ್ನ ಹಿಡ್ದು ತಿಂತಾರಾ?"

ಬಸ್ಸು ಹೊರಟಿತು. ಆಮೇಲೆ ಅವರನ್ನು ನಾನು ನೋಡಲಿಲ್ಲ. ತೀರಿಕೊಂಡ ಸುದ್ದಿ ಕೆಲ ವರ್ಷಗಳ ನಂತರ ಬಂತು.

ಆ ಸೋಮವಾರ ನಲ್ಲಿಯ ವಿಷಯವನ್ನು ಎಲ್ಲಕ್ಕಿಂತ ಕೊನೆಗಿಟ್ಟು ಓದಿದೆ. ಮತ್ತೆ ಗೆದ್ದುಬಂದಿದ್ದ ಅಧ್ಯಕ್ಷರು ತಲೆಯೆತ್ತಿದರು. "ಈ ನಲ್ಲಿ ವಿಷಯ ಯಾರು ಕೊಟ್ಟಿದ್ದು?"

"ಗೌರಕ್ಕ."

"ಅವರು ಈಗ ಸದಸ್ಯರಲ್ಲವಲ್ಲೋ ಹೆಗಡೆ!"

"ಅಲ್ಲ ಸರ್. ಆದ್ರೆ ಇಡು ಅಂದಿದ್ದು ಅವರೇ."

ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ವಿಷಯ ತೆಗೆದುಹಾಕಿ ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ.