ಊರಿಲ್ಲದ ವಿಳಾಸಕ್ಕೆ ಪಂಚಮಿ ಉಂಡಿ

ನಮ್ಮ ಮನೆಯಲ್ಲಿ ನಾಗರ ಪಂಚಮಿಯ ಉಂಡಿಯನ್ನು ಅವ್ವ ಎಲ್ಲರಿಗಿಂತ ಕೊನೆಗೆ ತಿನ್ನುತ್ತಾಳೆ. ಅಣ್ಣ ಸೈನ್ಯಕ್ಕೆ ಸೇರಿದಾಗಿನಿಂದ ಹೀಗೇ. ಡಬ್ಬಿ ಅವನಿಗೆ ಮುಟ್ಟಿ, ಅವನು ಫೋನು ಮಾಡಿ "ತಿಂದೆ" ಎನ್ನುವ ತನಕ ಅವಳ ಪಾಲಿನ ಎರಡು ಉಂಡಿ ಅಡುಗೆಮನೆಯ ಗೋಡೆಯ ಮಾಡದೊಳಗೆ, ಮುಚ್ಚಿದ ಬಟ್ಟಲಲ್ಲಿ ಕೂತಿರುತ್ತವೆ. ಅವಳು ತಿಂದರೆ ಅವನಿಗೆ ಕಡಿಮೆಯಾಗುವುದಿಲ್ಲ, ತಿನ್ನದಿದ್ದರೆ ಅಂಚೆ ಬೇಗ ಹೋಗುವುದಿಲ್ಲ ಎಂದು ನಾನು ಎಷ್ಟೋ ಸಲ ವಾದಿಸಿದ್ದೇನೆ. "ನಿನ್ನ ಭಾಷಣ ಕಾಲೇಜಿನಾಗ ಇಟ್ಗೊ ಯವ್ವಾ" ಎಂದು ಅವ್ವ ಬಟ್ಟಲನ್ನು ಇನ್ನಷ್ಟು ಒಳಗೆ ಸರಿಸುತ್ತಾಳೆ.

ನನ್ನದೂ ಒಂದು ಪದ್ಧತಿಯಿದೆ. ಚಿಕ್ಕವಳಿದ್ದಾಗಿನಿಂದ ಅಣ್ಣನ ಪಾಲಿನ ಒಂದು ಶೇಂಗಾ ಉಂಡಿಯೊಳಗೆ ಖಾರಪುಡಿ ತುಂಬಿಡುತ್ತೇನೆ. ಅವನು ಮೂಸಿ, ಬೆಳಕಿಗೆ ಹಿಡಿದು, ನನ್ನ ಮುಖ ನೋಡಿ ಊಹಿಸುತ್ತಿದ್ದ. ಪ್ರತಿ ವರ್ಷ ಸೋಲುತ್ತಿದ್ದ.

"ಸಾಕ್ಷಿ ಇಲ್ದ ನನ್ನ ಮ್ಯಾಲ ಹ್ಯಾಂಗ ಆರೋಪ ಮಾಡ್ತಿ?" ಎನ್ನುತ್ತಿದ್ದೆ.

"ಸಾಕ್ಷಿ ನನ್ನ ನಾಲಿಗಿ ಮ್ಯಾಲೇ ಅದ, ಹುಚ್ಚಿ!" ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದ. ವಾದ ಮಾಡುವುದನ್ನು ನನಗೆ ಕಲಿಸಿದವನೇ ಅವನು. ನೌಕರಿಗೆ ಹೋದ ಮೇಲೂ ಪಂಚಮಿಯ ಫೋನು ಬೈಗುಳದಿಂದಲೇ ಶುರುವಾಗುತ್ತಿತ್ತು.

ಅವನ ವಿಳಾಸದಲ್ಲಿ ಹೆಸರಿದೆ, ನಂಬರಿದೆ, ತುಕಡಿಯಿದೆ. ಊರಿಲ್ಲ. ಸೈನ್ಯದ ಅಂಚೆಯವರು ನಂಬರು ನೋಡಿಯೇ ಮುಟ್ಟಿಸುತ್ತಾರಂತೆ. "ಎಲ್ಲಿ ಅದೀಯೋ?" ಎಂದು ಅವ್ವ ಕೇಳಿದರೆ, "ಆರಾಮ ಅದೀನವ್ವಾ" ಎನ್ನುತ್ತಾನೆ. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಅಂಕ ಕಳೆಯುತ್ತಿದ್ದರು.

ಹೋದ ವರ್ಷ ಪಂಚಮಿಗೆ ಮುಂಚೆ ಯಾದಗಿರಿಯಲ್ಲಿ ಅಂಥದ್ದೇ ಸ್ಪರ್ಧೆಯಿತ್ತು. ಸೈನ್ಯದ ಮೇಲಿನ ಕೊನೆಯ ಮಾತು ಯಾರದಿರಬೇಕು, ಸೇನಾನಿಯದೋ, ಜನ ಆರಿಸಿದ ಮಂತ್ರಿಯದೋ? ನಾನು ಮಂತ್ರಿಯ ಪರ. ಬ್ರಿಟಿಷರ ಕಾಲದಲ್ಲಿ ಸೈನ್ಯ ನಡೆಸುವ ದಂಡನಾಯಕನೇ ವೈಸ್‌ರಾಯನ ಸಭೆಯಲ್ಲೂ ಕೂರುತ್ತಿದ್ದ. ನಮ್ಮ ಸೀಮೆಯಲ್ಲಂತೂ ನಿಜಾಮನ ಸೈನ್ಯ ನಿಜಾಮನದೇ, ಕೇಳುವವರಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಸೇನಾನಿಗಳ ಮೇಲೆ ಸಂಸತ್ತಿಗೆ ಉತ್ತರ ಹೇಳಬೇಕಾದ ಒಬ್ಬ ರಕ್ಷಣಾ ಮಂತ್ರಿಯನ್ನು ಕೂರಿಸಿದೆವು. ಮೂರೂ ಪಡೆಗಳನ್ನು, ಯುದ್ಧವಿಮಾನದಿಂದ ಹಿಡಿದು ನಿವೃತ್ತ ಸಿಪಾಯಿಯ ಪಿಂಚಣಿಯವರೆಗೆ ಆ ಸಚಿವಾಲಯವೇ ನೋಡಿಕೊಳ್ಳಬೇಕು. "ಪ್ರಜೆ ಸಂಸದನನ್ನು ಕೇಳುತ್ತಾನೆ, ಸಂಸದ ಮಂತ್ರಿಯನ್ನು ಕೇಳುತ್ತಾನೆ, ಮಂತ್ರಿ ಸೇನಾನಿಯನ್ನು ಕೇಳುತ್ತಾನೆ. ಬಂದೂಕು ಹಿಡಿದವರೂ ಉತ್ತರ ಹೇಳಬೇಕಾದ ದೇಶ ಇದು" ಎಂದು ಮೇಜು ತಟ್ಟಿದೆ. ಮೊದಲ ಬಹುಮಾನ ಬಂತು.

ಸುದ್ದಿ ಕೇಳಿ ಅವ್ವ, "ಹಂಗಾದ್ರ ಆ ಮಂತ್ರಿಗಿ ಕೇಳು, ನಿಮ್ಮಣ್ಣ ಎಲ್ಲಿ ಅದಾನಂತ" ಎಂದಳು. ಚೇಷ್ಟೆಗೆ ಅಂದಳೆಂದು ಮುಖ ನೋಡಿದೆ. ನಗುತ್ತಿರಲಿಲ್ಲ.

ಹಾಗಾಗಿ ನಾನೇ ಹುಡುಕಿದೆ. ಅವನ ಕಡೆ ಎಷ್ಟೊತ್ತಿಗೆ ಕತ್ತಲಾಗುತ್ತದೆ, ಯಾವ ಹಣ್ಣು ಸಿಗುತ್ತದೆ, ಫೋನಿನ ಹಿಂದೆ ಕೇಳಿಸಿದ್ದು ಯಾವ ಹೊಳೆ, ಎಲ್ಲವನ್ನೂ ಅವನ ಮಾತಿನಿಂದಲೇ ಹೆಕ್ಕಿದೆ. ನಕಾಶೆ ಹರಡಿಕೊಂಡು ಕೂತು ಒಂದು ಊರಿಗೆ ಬಂದು ನಿಂತೆ. ಅವ್ವ ಕಟ್ಟಿಕೊಟ್ಟ ಡಬ್ಬಿಯನ್ನು ನಮ್ಮೂರು ಕೆಂಭಾವಿಯಿಂದ ನಾನು ಓದುವ ಶಹಾಪುರಕ್ಕೆ ಬಸ್ಸಿನಲ್ಲಿ ತಂದು, ತುಕಡಿಯ ಹೆಸರಿನ ಕೆಳಗೆ ಆ ಊರನ್ನು ದಪ್ಪಕ್ಷರದಲ್ಲಿ ಬರೆದೆ.

ಅಂಚೆ ಕಚೇರಿಯ ಹಿರಿಯ ಗುಮಾಸ್ತರು ತಡೆದರು. "ಮಿಲ್ಟ್ರಿ ಪಾರ್ಸಲ್ ಮ್ಯಾಲ ಊರ ಬರಿಬಾರ್ದವ್ವ."

"ಯಾವ ನಿಯಮದಾಗ ಅದರಿ? ತೋರಸ್ರಿ."

"ತೋರಸಾಕ ನನ್ನ ಕೈಯಾಗ ಏನ ಇಲ್ಲ. ಆದ್ರ ಹಂಗ ಅದ."

"ತೋರಸಾಕ ಇಲ್ಲಂದ್ರ ನಿಯಮನೂ ಇಲ್ಲರಿ. ಊರ ಇದ್ರ ಲಗೂ ಮುಟ್ತದ."

ಹಿಂದೆ ಸಾಲು ಗೊಣಗತೊಡಗಿತು. "ಭಾಳ ವಕೀಲ್ಕಿ ಮಾಡ್ತಿ ನೋಡವ್ವ" ಎಂದು ಮುದ್ರೆ ಒತ್ತಿದರು. ಅದೂ ಒಂದು ಗೆಲುವೆಂದೇ ಲೆಕ್ಕ ಹಿಡಿದೆ.

ಮೂರು ವಾರದ ಮೇಲೆ ಒಂದು ಭಾನುವಾರ, ನಾನು ಮನೆಯಲ್ಲಿದ್ದಾಗ ಅಣ್ಣನ ಫೋನು ಬಂತು. "ಅವ್ವಾ, ಉಂಡಿ ಬಂದ್ವು. ಎಲ್ಲಾರೂ ತಿಂದ್ವಿ. ಭಾಳ ಸಿಹಿ ಇದ್ವು." ಅವ್ವ ಆಗಲೇ ಮಾಡದತ್ತ ಹೋಗಿದ್ದಳು. ನಾನು ಫೋನು ಎತ್ತಿಕೊಂಡೆ.

"ಎಲ್ಲಾ ಸಿಹಿ ಇದ್ವಾ?"

"ಹೂಂ, ಎಲ್ಲಾ." ಆಮೇಲೆ ಕೇಳಿದ, "ಅವ್ವ ತಿಂದಾಳೇನು?"

"ತಿನ್ನಾಕತ್ತಾಳ."

"ಅಷ್ಟ ಸಾಕ ಬಿಡು."

ಬೈಯಲಿಲ್ಲ. ಖಾರದ ಉಂಡಿಯನ್ನು ಅವನು ಮರೆತನೋ, ನನಗೆ ತಿಳಿಯಲೆಂದೇ ಬಿಟ್ಟನೋ, ಇವತ್ತಿಗೂ ಹೇಳಲಾರೆ. ಡಬ್ಬಿ ಮುಟ್ಟಿಲ್ಲ ಎಂಬುದು ಮಾತ್ರ ಗೊತ್ತಾಯಿತು. ಅವ್ವ ಒಣಗಿದ ಉಂಡಿಯನ್ನು ಕಣ್ಣು ಮುಚ್ಚಿ ಅಗಿಯುತ್ತಿದ್ದಳು.

ಮುಂದಿನ ವಾರ ಡಬ್ಬಿ ಶಹಾಪುರದ ನನ್ನ ಹಾಸ್ಟೆಲಿಗೇ ವಾಪಸು ಬಂತು. ನಾನು ಬರೆದ ಊರಿನಿಂದಾಗಿ ಅದು ಸೈನ್ಯದ ಅಂಚೆಗೆ ಹೋಗದೆ, ಆ ಊರಿನ ಸಾಮಾನ್ಯ ಅಂಚೆ ಕಚೇರಿಗೆ ಹೋಗಿತ್ತು. ಇಂಥವರು ಇಲ್ಲಿಲ್ಲ ಎಂದು ಅವರು ತಿರುಗಿ ಕಳಿಸಿದ್ದರು. ಉಂಡಿಗಳು ಕಮಟು ಹಿಡಿದಿದ್ದವು. ಒಂದೊಂದನ್ನೇ ಮುರಿಯುತ್ತಾ ಹೋದೆ. ಏಳನೆಯದರಲ್ಲಿ ಖಾರ ಸಿಕ್ಕಿತು. ಸಾಕ್ಷಿ ಕೈಯಲ್ಲಿತ್ತು. ಅವ್ವನ ಮುಂದೆ ಅದನ್ನು ಇಡಲಿಲ್ಲ.

ಈ ವರ್ಷ ಅವನು ಬರೆದುಕೊಟ್ಟ ವಿಳಾಸವನ್ನು ಒಂದಕ್ಷರ ಸೇರಿಸದೆ ನಕಲು ಮಾಡಿದೆ. ಗುಮಾಸ್ತರಿಗೆ ನನ್ನ ಗುರುತು ಹತ್ತಿತು.

"ಏನ್ ವಕೀಲವ್ವ, ಊರ ಎಲ್ಲಿ?"

"ಗೊತ್ತಿಲ್ಲರಿ."

"ಹೋದ ವರ್ಷ ಗೊತ್ತಿತ್ತಲ್ಲ?"

"ಆವಾಗ ಡಬ್ಬಿ ಮುಟ್ಟಲಿಲ್ಲರಿ."

ಅವರು ಮುದ್ರೆ ಒತ್ತಿದರು.

ಕಳಿಸಿ ಹದಿನಾರು ದಿನವಾಯಿತು. ಅವ್ವನ ಬಟ್ಟಲು ಮಾಡದಲ್ಲಿದೆ. ನಕಾಶೆಯನ್ನು ಮಡಚಿಟ್ಟಿದ್ದೇನೆ. ಅಣ್ಣ ಎಲ್ಲಿದ್ದಾನೆಂದು ಈ ಸಲ ನಾನು ಕೇಳುವುದಿಲ್ಲ. ಆದರೆ "ಚಲೋ ಇದ್ವು" ಎಂದರೆ ನಂಬುವವಳೂ ಅಲ್ಲ. ಈ ಸಲ ಎರಡು ಉಂಡಿಯಲ್ಲಿ ಖಾರ ತುಂಬಿದ್ದೇನೆ. ಫೋನು ಬಡಿದುಕೊಂಡಾಗಲೆಲ್ಲ ಓಡುತ್ತೇನೆ. ಅವನು ಕೆಮ್ಮುತ್ತಾ ನನ್ನನ್ನು ಬೈಯಬೇಕು.