ಪೂಜೆಯಾದ ಮೇಲಿನ ಗಂಜಿ

ದೊಡ್ಡಮ್ಮ ಪೂಜೆಯಾಗದೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವಳಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದ, ಅಮ್ಮನ ಅಕ್ಕ ಅವಳು. ಲಕ್ವ ಹೊಡೆದು ಎಡಭಾಗ ಬಿದ್ದುಹೋದಾಗ ಮಗ್ಗುಲು ಬದಲಿಸಲು ಇಬ್ಬರು ಬೇಕಾಯಿತು. ಮನೆಯಲ್ಲಿದ್ದವಳು ನಾನೊಬ್ಬಳೇ. ಸಕಲೇಶಪುರದಲ್ಲಿ, ಹಾಸಿಗೆ ಹಿಡಿದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಕಡೆ ಸೇರಿಸಿದೆ. ಅಲ್ಲೂ ಅದೇ ಹಟ. ಹಾಗಾಗಿ ದಿನಾ ಬೆಳಿಗ್ಗೆ ಗಂಜಿಯ ಡಬ್ಬಿ, ಬಿಲ್ವಪತ್ರೆ ಹಿಡಿದು ನಮ್ಮೂರು ಬೆಳಗೋಡಿನಲ್ಲಿ ಬಸ್ಸು ಹತ್ತಲೇಬೇಕಿತ್ತು.

ಆ ಬಸ್ಸನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ. ಸೀಟು ಖಾಲಿಯಿದ್ದರೂ ಕೂರಲಾಗದೆ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದೆ. "ಕೂತ್ಕಳಮ್ಮ ತಾಯಿ, ನೀನು ನಿಂತ್ರೆ ಬಸ್ಸೇನು ಹಾರ್ಕೊಂಡ್ ಹೋಗ್ತೈತಾ?" ಎಂದು ಕಂಡಕ್ಟರ್ ರೇಗಿಸುತ್ತಿದ್ದ. ಅಲ್ಲೊಂದು ಜೀವ ಹಸಿದುಕೊಂಡು ಬಾಗಿಲು ನೋಡುತ್ತಾ ಮಲಗಿದೆ ಎಂದು ಅವನಿಗೇನು ಗೊತ್ತು.

ಪೂಜೆಗೆ ಲಿಂಗ ಎಡಗೈಯಲ್ಲಿರಬೇಕು. ದೊಡ್ಡಮ್ಮನ ಎಡಗೈ ಮುಷ್ಟಿ ಕಟ್ಟಿಕೊಂಡು ಮರಗಟ್ಟಿಹೋಗಿತ್ತು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಬಿಚ್ಚಿ ಲಿಂಗ ತೆಗೆದು, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಮೇಲಿಟ್ಟು, ಜಾರದ ಹಾಗೆ ಕೆಳಗೆ ನನ್ನ ಕೈ ಕೊಟ್ಟು ಕೂರುತ್ತಿದ್ದೆ. ಬಲಗೈಯಲ್ಲಿ ಅವಳು ನೀರು, ವಿಭೂತಿ, ಪತ್ರೆ ಏರಿಸುತ್ತಿದ್ದಳು. ಪತ್ರೆ ಮರೆತ ಒಂದು ದಿನ ರಸ್ತೆ ಬದಿಯ ಕಾಫಿ ಹೂವನ್ನೇ ಕಿತ್ತು ಒಯ್ದಿದ್ದೆ. "ಶಿವನಿಗೂ ಕಾಫಿ ರೂಢಿ ಮಾಡ್ತೀಯೇನೇ?" ಎಂದು ತೊದಲುತ್ತಲೇ ನಕ್ಕಿದ್ದಳು. ನನ್ನ ಕಣ್ಣು ಮಾತ್ರ ಡಬ್ಬಿಯ ಮೇಲೆ. ಬೇಗ ಮುಗಿಯಲಿ, ನಾಲ್ಕು ಚಮಚ ಹೊಟ್ಟೆಗೆ ಬೀಳಲಿ. ಬಿದ್ದರೆ ನಾಳೆಯೂ ಇರುತ್ತಾಳೆ ಎಂಬುದಷ್ಟೇ ನನಗೆ ತಿಳಿದಿದ್ದ ವೈದ್ಯಶಾಸ್ತ್ರ.

ಮಳೆಗಾಲ ಹಿಡಿಯುವ ಹೊತ್ತಿಗೆ ಗಂಜಿ ನೆತ್ತಿಗೇರತೊಡಗಿತು. ಒಂದೊಂದು ಚಮಚಕ್ಕೂ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದಳು. ಅಲ್ಲಿನ ನರ್ಸ್ ನನ್ನನ್ನು ಹೊರಗೆ ಕರೆದು, "ಇನ್ನು ಬಲವಂತ ಮಾಡ್ಬೇಡಿ ಕಣ್ರೀ, ಅವರ ದೇಹ ತಗೊಳ್ತಾ ಇಲ್ಲ" ಎಂದರು. ನನಗೆ ಮೈಯೆಲ್ಲ ಉರಿಯಿತು. ಸಾಕಿದವಳನ್ನು ಉಪವಾಸ ಕೆಡವು ಎನ್ನಲು ಇವರು ಯಾರು? ಮರುದಿನ ಗಂಜಿಯನ್ನು ಇನ್ನಷ್ಟು ತೆಳ್ಳಗೆ ಮಾಡಿ ಒಯ್ದೆ.

ಕರಡಿಗೆಗೆ ಕೈ ಹಾಕಿದರೆ ದೊಡ್ಡಮ್ಮ ತಡೆದಳು.

"ಇವತ್ತು ಪೂಜೆ ಬ್ಯಾಡ."

ದೊಡ್ಡಪ್ಪ ಹೋದ ದಿನವೂ ಪೂಜೆ ಬಿಟ್ಟವಳಲ್ಲ ಅವಳು.

"ಯಾಕೆ ದೊಡ್ಡಮ್ಮ? ಪೂಜೆ ಇಲ್ದೆ ನೀನು ತಿನ್ನಲ್ವಲ್ಲ!"

"ಅದಕ್ಕೇ ಕಣೆ. ಪೂಜೆ ಆದ್ರೆ ನೀನು ತಿನ್ಸ್‌ಬುಡ್ತೀಯ."

ಎದ್ದು ಕಿಟಕಿಗೆ ಹೋದೆ, ಬಾಗಿಲಿಗೆ ಹೋದೆ, ಮತ್ತೆ ಬಂದೆ. ನನ್ನ ಗಂಜಿಗೆ ಹೆದರಿ ಅವಳು ಜೀವಮಾನದ ಪೂಜೆಯನ್ನೇ ಬಿಡಲು ಹೊರಟಿದ್ದಳು. ಅಕ್ಕಪಕ್ಕದ ಹಾಸಿಗೆಯವರು ನೋಡುತ್ತಿದ್ದರೂ ಜೋರಾಗಿಯೇ ಅತ್ತೆ.

"ತಿನ್ಸಲ್ಲ. ಪೂಜೆ ಮಾಡು."

"ಆಣೆ ಮಾಡು."

ಅವಳ ತಲೆ ಮುಟ್ಟಿದೆ.

ಅಂದು ಪೂಜೆ ನಿಧಾನಕ್ಕೆ ನಡೆಯಿತು. ನಾನು ವಾಪಸು ಹೋಗಬೇಕಿದ್ದ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಮುಗಿದ ಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು ಅವಳ ಕೊರಳಿಗೆ ಹಾಕಿದೆ. ಕೈ ತಾನಾಗಿ ಡಬ್ಬಿಯ ಕಡೆ ಹೋಯಿತು, ಹಿಂದಕ್ಕೆಳೆದುಕೊಂಡೆ. ಅವಳು ಅದನ್ನೂ ನೋಡಿದಳು.

"ಬೆಳಿಗ್ಗೆಯಿಂದ ನೀನೇನು ತಿಂದಿದೀಯ?"

"ಏನಿಲ್ಲ."

"ಮತ್ತೆ ತಿನ್ನು. ಪೂಜೆ ಆಯ್ತಲ್ಲ."

ಉಪ್ಪು ಕಡಿಮೆಯಾಗಿದ್ದ ಆ ನೀರು ಗಂಜಿಯನ್ನು ಅವಳ ಚಮಚದಲ್ಲೇ, ಅವಳೆದುರೇ ಕೂತು ತಿಂದೆ. ಡಬ್ಬಿ ಖಾಲಿಯಾಗುವವರೆಗೂ ದೊಡ್ಡಮ್ಮ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.