ಅರ್ಜಿಯ ಮೂರನೆಯ ಪ್ರಶ್ನೆ

“ಒಂದು ವರ್ಷದಿಂದ ಬೇರೆ ಬೇರೆ ಇದ್ದೀರಾ?” ಎಂದು ಕೇಳಿದೆ. ಹೆಂಡತಿ “ಹೌದು” ಎಂದಳು. ಗಂಡ “ಬುಧವಾರ ಒಂದು ಬಿಟ್ಟು” ಎಂದ.

ಕಾರವಾರದ ಕೋರ್ಟಿನ ಹತ್ತಿರ ನನ್ನ ಟೈಪಿಂಗ್ ಅಂಗಡಿ. ಇಬ್ಬರೂ ಒಪ್ಪಿ ವಿಚ್ಛೇದನ ಕೇಳುವವರಿಗೆ ಮೂವತ್ತು ವರ್ಷಗಳಿಂದ ಒಂದೇ ಕ್ರಮದಲ್ಲಿ ಪ್ರಶ್ನೆ ಹಾಕುತ್ತಾ ಬಂದಿದ್ದೆ: ಹೆಸರು, ಮದುವೆಯ ದಿನ, ಮೂರನೆಯದು ಇದು. ಒಂದು ವರ್ಷ ಬೇರೆ ಇರದಿದ್ದರೆ ಕೋರ್ಟು ಅರ್ಜಿ ತೆಗೆದುಕೊಳ್ಳುವುದಿಲ್ಲ. ಈ ಪ್ರಶ್ನೆಗೆ ಯಾರೂ ತಡವರಿಸಿರಲಿಲ್ಲ.

ಅವನು ಅಂಕೋಲೆಯ ಭಾವಿಕೇರಿಯವನು. ಅವಳು ಜಗಳವಾಡಿ ಹಣಕೋಣದ ತವರು ಸೇರಿದ್ದಳು.

“ಬುಧವಾರ ಬಂಗಡೆ ಮೀನು ತಕಂಡು ನಿನ್ನ ತವರಿಗೆ ಊಟಕ್ಕೆ ಬರೂದು ನಾನಲ್ದೆ ಯಾರು ಮತ್ತೆ?” ಎಂದು ಅವನು ಅವಳನ್ನೇ ಕೇಳಿದ.

“ನಿಮ್ಗೆ ಸಾರು ಮಾಡೂಕೆ ಬರೂದಿಲ್ಲ ಅಂತ ಕರದದ್ದು ಮಾರಾಯ್ರೆ!”

“ಉಂಡು ಊರಿಗೆ ಹೋಗುತ್ತೀರಲ್ಲ?” ಎಂದೆ.

“ಕಡೇ ಬಸ್ಸು ತಪ್ಪೂದು.”

“ಪ್ರತಿ ಬುಧವಾರವೂ?”

ಅವನು ನೆಲ ನೋಡಿದ. ಅವಳು ತುಟಿ ಕಚ್ಚಿ ನಗು ತಡೆದಳು. “ಇಬ್ಬರ ಉತ್ತರವೂ ಒಂದೇ ಆದ ಮೇಲೆ ಬನ್ನಿ” ಎಂದು ಅವರು ತಂದಿದ್ದ ಕಾಗದ ಹಿಂದಿರುಗಿಸಿದೆ. ಅಂದೂ ಬುಧವಾರ. ಇಬ್ಬರೂ ಮೀನು ಮಾರ್ಕೆಟ್ಟಿನ ಕಡೆ ನಡೆದರು.

ಅವರು ಮತ್ತೆ ಬಂದಿಲ್ಲ. ಕ್ರಮ ಬದಲಿಸುವವನಲ್ಲ ನಾನು. ಆದರೂ ಅಂದಿನಿಂದ ಮೂರನೆಯ ಪ್ರಶ್ನೆಯನ್ನೇ ಮೊದಲು ಕೇಳುತ್ತಿದ್ದೇನೆ.